ಬಾರ್‌ಗೆ ಭಾರ, ಮೈಗೆ ತೂಕ: ಎರಡಕ್ಕೂ ತಾಳ್ಮೆ ಬೇಕು

"ಅಣ್ಣಾ, ಮೂರ್ ತಿಂಗ್ಳಾಯ್ತು. ಒಂದ್ ಕೇಜಿನೂ ಏರಿಲ್ಲ. ಯಾವ್ ಪೌಡರ್ ತಗೊಳ್ಲಿ ಹೇಳಿ."

ಮಂಗಳೂರಿನಲ್ಲಿ ನಾನು ಹೋಗುವ ಜಿಮ್‌ನಲ್ಲಿ ಹೀಗೆ ಕೇಳಿದ ಹುಡುಗನ ಊರು ಗೆಟ್ಟವಾಡಿ. ಎಲ್ಲಿ ಬರುತ್ತದೆ ಎಂದು ಕೇಳಿದರೆ ತಮಿಳುನಾಡು ಅಂದ. ತಮಿಳುನಾಡಿನ ಹುಡುಗ ಇಷ್ಟು ಚಂದ ಕನ್ನಡ ಮಾತಾಡ್ತಾನಲ್ಲ ಎಂದು ನನಗೆ ಆಶ್ಚರ್ಯ. ಮತ್ತೆ ಗೊತ್ತಾಯಿತು, ಅದು ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟ ಸೀಮೆಯ ಊರು. ಆಡಳಿತ ತಮಿಳುನಾಡಿನದ್ದು, ಮನೆಮಾತು ಕನ್ನಡ, ಪೇಟೆ ಎಂದರೆ ಚಾಮರಾಜನಗರ. ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಇರುವುದೂ ಅದೇ ಸೀಮೆಯಲ್ಲಿ.

ಹುಡುಗನಿಗೆ 21 ವರ್ಷ, ತೂಕ 54 ಕೆ.ಜಿ. ಊರಿನಲ್ಲಿ ಮೂಟೆ ಹೊತ್ತು ಅಭ್ಯಾಸ ಇದ್ದವನು. "ಬರೀ 20 ಕೇಜಿ ರಾಡ್ ಎತ್ತಕ್ಕೆ ನಾಚ್ಕೆ ಆಯ್ತದೆ ಕಣಣ್ಣ" ಎಂದು ಮೊದಲ ದಿನವೇ ಬಾರ್‌ಗೆ ಪ್ಲೇಟ್ ಏರಿಸಿ 60 ಕೆ.ಜಿ.ಯಲ್ಲಿ ಸ್ಕ್ವಾಟ್ ಶುರು ಮಾಡಿದ್ದ. ಎರಡನೇ ವಾರ 80. ಮೂರನೇ ವಾರ ಸೊಂಟ ಹಿಡಿದುಕೊಂಡಿತು. ಹತ್ತು ದಿನ ರಜೆ. ವಾಪಸ್ ಬಂದು ಪುನಃ 60ರಿಂದ 80. ಪುನಃ ಸೊಂಟ. ಮೂರು ತಿಂಗಳಲ್ಲಿ ಮೂರು ಸಲ ಇದೇ ಕಥೆ. ಈಗ ಅವನಿಗೆ ಪೌಡರ್ ಬೇಕು.

ಇದು ಅವನೊಬ್ಬನ ಕಥೆ ಅಲ್ಲ. ನಮ್ಮ ಊರುಗಳಲ್ಲೂ ಮದುವೆಗೆ ಎರಡು ತಿಂಗಳಿರುವಾಗ, ಗಲ್ಫಿಗೆ ಹೋಗುವ ಮೊದಲು ಜಿಮ್ ಸೇರುವವರು ಧಾರಾಳ. ಸೇರಿದವರಲ್ಲಿ ಒಂದು ವರ್ಷ ನಿಲ್ಲುವವರು ಎಷ್ಟು ಮಂದಿ ಎಂದು ನಿಮ್ಮ ಗೆಳೆಯರ ಬಳಗದಲ್ಲೇ ಲೆಕ್ಕ ಹಾಕಿ ನೋಡಿ. ಬಿಟ್ಟವರಲ್ಲಿ ಬಹಳ ಜನ ಸೋಮಾರಿಗಳಲ್ಲ. ಅವಸರ ಮಾಡಿದವರು.

ಎರಡು ಲೆಕ್ಕ, ಎರಡು ವೇಗ

ಬಾರ್ಬೆಲ್ ಹಿಡಿಯುವವನ ಮುಂದೆ ಎರಡು ಲೆಕ್ಕಗಳಿರುತ್ತವೆ. ಒಂದು, ಬಾರ್‌ನಲ್ಲಿ ಎತ್ತುವ ಭಾರ. ಇನ್ನೊಂದು, ಮೈಯ ತೂಕ. ಎರಡೂ ಒಂದೇ ವೇಗದಲ್ಲಿ ಏರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲ ವಾರಗಳಲ್ಲಿ ಭಾರ ಬೇಗ ಬೇಗ ಏರುತ್ತದೆ. ಅದಕ್ಕೆ ಕಾರಣ ಮಾಂಸಖಂಡ ಬೆಳೆದದ್ದಲ್ಲ, ಮೆದುಳು ಮತ್ತು ನರಗಳು ಕೆಲಸ ಕಲಿತದ್ದು. ಇರುವ ಸ್ನಾಯುವಿನ ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸುವುದು ಹೇಗೆ, ಯಾವಾಗ ಬಿಗಿಹಿಡಿಯಬೇಕು ಎಂದು ನರಗಳು ಕಲಿಯುತ್ತವೆ. ಸೈಕಲ್ ಕಲಿತ ಹಾಗೆ. ಕನ್ನಡಿಯಲ್ಲಿ ಕಾಣುವಷ್ಟು ಸ್ನಾಯು ತುಂಬಲು ಕನಿಷ್ಠ ಆರೆಂಟು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು.

ಎಲ್ಲಕ್ಕಿಂತ ನಿಧಾನ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಅಲ್ಲಿಗೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಅದು ಗಟ್ಟಿಯಾಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಅಂದರೆ ನರ ಮತ್ತು ಸ್ನಾಯು "ಎತ್ತು" ಎನ್ನುವ ಹೊತ್ತಿಗೆ ಮೊಣಕಾಲು, ಭುಜ, ಸೊಂಟದ ಕಟ್ಟುಗಳು ಇನ್ನೂ ತಯಾರಾಗಿರುವುದಿಲ್ಲ. 60ರಿಂದ 80ಕ್ಕೆ ಹಾರಿದ ಹುಡುಗನ ಸೊಂಟ ಹೇಳುತ್ತಿದ್ದದ್ದು ಇದನ್ನೇ. ಮೂಟೆ ಹೊತ್ತ ಶಕ್ತಿ ಸುಳ್ಳಲ್ಲ. ಆದರೆ ಹೆಗಲ ಮೇಲೆ ಬಾರ್ ಇಟ್ಟು ಪೂರ್ತಿ ಕೂತು ಏಳುವುದು ಬೇರೆಯೇ ಕೆಲಸ, ಅದನ್ನು ಕಲಿಯಬೇಕು.

ಖಾಲಿ ಬಾರ್‌ನಿಂದ ಶುರು

ಹೊಸಬರಿಗೆ ಪ್ರಪಂಚದಾದ್ಯಂತ ಹೇಳಿಕೊಡುವ ಕ್ರಮ ಬಹಳ ಸರಳ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ವಿಶ್ರಾಂತಿ. ಸ್ಕ್ವಾಟ್, ಬೆಂಚ್ ಪ್ರೆಸ್ ಅಥವಾ ತಲೆಯ ಮೇಲೆ ಎತ್ತುವ ಪ್ರೆಸ್, ಡೆಡ್‌ಲಿಫ್ಟ್. ಐದೈದು ಸಲದ ಮೂರು ಸೆಟ್. ಡೆಡ್‌ಲಿಫ್ಟ್ ಹೆಚ್ಚು ದಣಿಸುವುದರಿಂದ ಅದಕ್ಕೆ ಒಂದೇ ಸೆಟ್ ಸಾಕು. ಶುರು ಖಾಲಿ ಬಾರ್‌ನಿಂದ. ಗಂಡಸರ ಬಾರ್ 20 ಕೆ.ಜಿ., ಹೆಂಗಸರದ್ದು 15 ಕೆ.ಜಿ. ಮುಂದಿನ ಸಲ ಬಂದಾಗ 2.5 ಕೆ.ಜಿ. ಮಾತ್ರ ಹೆಚ್ಚು. ಅಂದರೆ ಎರಡೂ ಬದಿಗೆ 1.25ರ ಒಂದೊಂದು ಪ್ಲೇಟ್.

"ಎರಡೂವರೆ ಕೇಜಿಗೆ ಏನ್ ಆಗುತ್ತೆ?" ಎಂದು ಕೇಳುವವರು ಈ ಲೆಕ್ಕ ನೋಡಿ. ವಾರಕ್ಕೆ ಮೂರು ಸಲ 2.5 ಎಂದರೆ 7.5 ಕೆ.ಜಿ. ಹನ್ನೆರಡು ವಾರಕ್ಕೆ 90 ಕೆ.ಜಿ. ಖಾಲಿ ಬಾರ್‌ನಿಂದ ಶುರು ಮಾಡಿದವನು ಕಾಗದದ ಲೆಕ್ಕದಲ್ಲಿ ಮೂರು ತಿಂಗಳಿಗೆ 110 ಕೆ.ಜಿ. ಮುಟ್ಟುತ್ತಾನೆ. ನಿಜಜೀವನದಲ್ಲಿ ಎಲ್ಲರೂ ಮುಟ್ಟುವುದಿಲ್ಲ, ನಡುವೆ ಎಲ್ಲೋ ನಿಲ್ಲುತ್ತದೆ. ಆದರೂ ಅವಸರಪಟ್ಟು 80ರಲ್ಲಿ ಮೂರು ಸಲ ಬಿದ್ದವನಿಗಿಂತ ಮುಂದೆ ಇರುತ್ತಾನೆ.

ಇನ್ನೊಂದು ಸೂಕ್ಷ್ಮ. ಸ್ಕ್ವಾಟ್‌ನಲ್ಲಿ 100 ಕೆ.ಜಿ. ಎತ್ತುವವನಿಗೆ 2.5 ಕೆ.ಜಿ. ಎಂದರೆ ಶೇ. 2.5 ಹೆಚ್ಚಳ. ತಲೆಯ ಮೇಲೆ 20 ಕೆ.ಜಿ. ಎತ್ತುವವನಿಗೆ ಅದೇ 2.5 ಕೆ.ಜಿ. ಎಂದರೆ ಶೇ. 12.5. ಪ್ರೆಸ್ ಬೇಗ ನಿಂತುಹೋಗುವುದಕ್ಕೆ ಇದೇ ಕಾರಣ. ಅರ್ಧ ಕೆ.ಜಿ.ಯ ಸಣ್ಣ ಪ್ಲೇಟ್ ಒಂದು ಜೊತೆ ಇಟ್ಟುಕೊಂಡರೆ ಒಂದೊಂದೇ ಕೆ.ಜಿ. ಏರಿಸಬಹುದು.

ವಂಡ್ಸೆಯ ಗುರುರಾಜರ ಒಂದು ಕೆ.ಜಿ.

ಒಂದು ಕೆ.ಜಿ.ಯ ಬೆಲೆ ಏನು ಎಂದು ತಿಳಿಯಲು ನಮ್ಮ ಕರಾವಳಿಯ ಗುರುರಾಜ ಪೂಜಾರಿ ಅವರನ್ನು ನೋಡಬೇಕು. ಕುಂದಾಪುರ ಸಮೀಪದ ವಂಡ್ಸೆಯವರು, ತಂದೆ ವಾಹನ ಚಾಲಕ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ನೋಡಿ ಕುಸ್ತಿ ಕಡೆ ಮನಸ್ಸು ಮಾಡಿದ ಹುಡುಗ, ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ ಮೇಲೆ ಕೋಚ್ ರಾಜೇಂದ್ರ ಪ್ರಸಾದ್ ಅವರ ಕೈಕೆಳಗೆ ಭಾರ ಎತ್ತಲು ಕಲಿತರು. ಕ್ರೀಡಾಪಟುವಿಗೆ ಬೇಕಾದ ಆಹಾರ ಹೊಂದಿಸುವುದೇ ಆಗ ಮನೆಗೆ ಕಷ್ಟವಾಗಿತ್ತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ, 56 ಕೆ.ಜಿ. ವಿಭಾಗ. ಸ್ನ್ಯಾಚ್‌ನಲ್ಲಿ 111 ಎತ್ತಿದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕೆ.ಜಿ.ಗೆ ಎರಡು ಸಲ ಕೈಹಾಕಿ ಎರಡೂ ಸಲ ವಿಫಲ. ಮೂರನೆಯ, ಕೊನೆಯ ಪ್ರಯತ್ನದಲ್ಲಿ ಅದೇ 138 ಎತ್ತಿದರು. ಒಟ್ಟು 249. ಮೂರನೇ ಸ್ಥಾನದ ಶ್ರೀಲಂಕಾದ ಲಿಫ್ಟರ್ 248. ಒಂದು ಕೆ.ಜಿ. ಅಂತರದಲ್ಲಿ ಬೆಳ್ಳಿ, ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ.

ಅದೇ ವರ್ಷ ಅಂತಾರಾಷ್ಟ್ರೀಯ ಒಕ್ಕೂಟ ತೂಕದ ವಿಭಾಗಗಳನ್ನು ಬದಲಿಸಿತು. 56 ಕೆ.ಜಿ. ವಿಭಾಗವೇ ಇಲ್ಲವಾಯಿತು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದಾಗ ಗುರುರಾಜ ನಿಂತದ್ದು 61 ಕೆ.ಜಿ. ವಿಭಾಗದಲ್ಲಿ. ಎತ್ತಿದ್ದು 118 ಮತ್ತು 151, ಒಟ್ಟು 269. ನಾಲ್ಕನೇ ಸ್ಥಾನದ ಕೆನಡಾದವನು 268. ಪುನಃ ಒಂದೇ ಕೆ.ಜಿ.ಯಲ್ಲಿ ಕಂಚು.

249ರಿಂದ 269. ವಿಭಾಗದಲ್ಲಿ ಐದು ಕೆ.ಜಿ. ಮೇಲೆ ಹೋದವರು, ಅದೇ ಉದ್ಯೋಗವಾಗಿ ತರಬೇತಿ ಪಡೆಯುವವರು, ನಾಲ್ಕು ವರ್ಷದಲ್ಲಿ ಸೇರಿಸಿದ್ದು 20 ಕೆ.ಜಿ. ನಮ್ಮ ಹುಡುಗ ಒಂದು ವಾರದಲ್ಲಿ ಸೇರಿಸಲು ಹೋದದ್ದೂ ಅದೇ 20. ಎರಡೂ ಬೇರೆ ಬೇರೆ ರೀತಿಯ ಎತ್ತುವಿಕೆ, ಹೊಸಬನಿಗೆ ಏರಿಕೆಯೂ ಬೇಗ, ಒಪ್ಪುವ. ಆದರೂ ಒಂದು ವಾರಕ್ಕೆ 20 ಕೆ.ಜಿ.?

ಹಾರಿದರೆ ಏನಾಗುತ್ತದೆ ಎಂಬುದಕ್ಕೂ ದೊಡ್ಡ ಉದಾಹರಣೆ ಉಂಟು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ 110 ಮತ್ತು 130, ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದರು. ಚಿನ್ನ ಗೆದ್ದ ಚೀನಾದವರ ಒಟ್ಟು 242.5. ಮಲ್ಲೇಶ್ವರಿ ಕೊನೆಯ ಪ್ರಯತ್ನಕ್ಕೆ 130ರಿಂದ ನೇರ 137.5ಕ್ಕೆ ಹೋದರು, ಭಾರ ನಿಲ್ಲಲಿಲ್ಲ. ಪದಕಕ್ಕಾಗಿ ಅಂಥ ಸಾಹಸ ಮಾಡುವುದು ಅರ್ಥವಾಗುತ್ತದೆ. ನಮ್ಮ ಜಿಮ್‌ನಲ್ಲಿ ಮಂಗಳವಾರ ಸಂಜೆ ಯಾವ ಪದಕ ಇದೆ?

ತಟ್ಟೆಯ ಲೆಕ್ಕ

ಇನ್ನು ಮೈಯ ತೂಕ. ಹುಡುಗನನ್ನು ಕೇಳಿದೆ, ದಿನಕ್ಕೆ ಏನೇನು ತಿಂತೀಯ? ಬೆಳಗ್ಗೆ ಚಾ ಮತ್ತು ಬನ್ಸ್, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಸಾರು. ಮತ್ತೆ ತೂಕ ಏರುವುದು ಎಲ್ಲಿಂದ? ಖರ್ಚಾಗುವುದಕ್ಕಿಂತ ಹೆಚ್ಚು ತಿನ್ನದೆ ಮೈ ಬೆಳೆಯುವುದಿಲ್ಲ. ಬಾರ್ಬೆಲ್ "ಬೆಳೆ" ಎಂದು ಆರ್ಡರ್ ಕೊಡಬಹುದು, ಸಾಮಾನು ಕಳಿಸುವುದು ಅಡುಗೆಮನೆ.

ತೆಳ್ಳಗಿರುವ ಹೊಸಬನಿಗೆ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು ಸಾಕು. ಪ್ರೊಟೀನ್ ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ. 54 ಕೆ.ಜಿ.ಯವನಿಗೆ ದಿನಕ್ಕೆ 86 ಗ್ರಾಂ ಆಯಿತು. ಇದಕ್ಕೆ ದುಬಾರಿ ಡಬ್ಬ ಬೇಕಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಹಿಡಿ ನೆಲಗಡಲೆಯಲ್ಲಿ 7–8, ನೂರು ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20. ಅವನ ಊರ ಕಡೆಯ ಹುರುಳಿಕಾಳಿನಲ್ಲಿ ನೂರು ಗ್ರಾಂಗೆ ಸುಮಾರು 22. ಈಗಿನ ಊಟದ ಮೇಲೆ ಮೂರು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆ ಸೇರಿಸಿದರೆ ಹತ್ತಿರ ಹತ್ತಿರ 500 ಕ್ಯಾಲೊರಿ ಬಂತು. ಮಧ್ಯಾಹ್ನ ಮೀನು, ರಾತ್ರಿ ಹುರುಳಿ ಅಥವಾ ಬೇಳೆ ದಪ್ಪಗೆ ಹಾಕಿಕೊಂಡರೆ ಪ್ರೊಟೀನ್ ಲೆಕ್ಕವೂ ಮುಗಿಯಿತು. ಜೊತೆಗೆ ಏಳೆಂಟು ಗಂಟೆ ನಿದ್ದೆ. ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ನೋಡುವವನಿಗೆ ಯಾವ ಮೊಟ್ಟೆಯೂ ಪೂರ್ತಿ ಪ್ರಯೋಜನಕ್ಕೆ ಬರುವುದಿಲ್ಲ.

ತಿಂಗಳಿಗೆ ಒಂದು ಕೆ.ಜಿ. ಏರಿದರೆ ಒಳ್ಳೆಯ ಏರಿಕೆ. ಅದಕ್ಕಿಂತ ತುಂಬಾ ವೇಗವಾಗಿ ಏರಿದರೆ ಹೆಚ್ಚಿನ ಪಾಲು ಹೊಟ್ಟೆಯ ಬೊಜ್ಜು. ದಿನಾ ತೂಕ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನೀರು, ಉಪ್ಪು, ಊಟದಿಂದಲೇ ಒಂದು ದಿನದಲ್ಲಿ ಒಂದೆರಡು ಕೆ.ಜಿ. ಆಚೀಚೆ ಆಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, ವಾರದ ಸರಾಸರಿ ಬರೆದಿಡಿ.

ರಮಝಾನ್‌ನಲ್ಲಿ ಏನು ಮಾಡುವುದು ಎಂಬ ಪ್ರಶ್ನೆ ನಮ್ಮ ಹುಡುಗರಿಂದ ಪ್ರತೀ ವರ್ಷ ಬರುತ್ತದೆ. ಆ ತಿಂಗಳು ಏರಿಸುವ ಹಟ ಬೇಡ, ಇರುವುದನ್ನು ಉಳಿಸಿಕೊಂಡರೆ ಸಾಕು. ಸೆಟ್ ಕಡಿಮೆ ಮಾಡಿ, ಇಫ್ತಾರ್ ಆಗಿ ಒಂದೆರಡು ಗಂಟೆ ಬಿಟ್ಟು ವಾರಕ್ಕೆ ಎರಡು ದಿನ ಎತ್ತಿ. ಕರಿದ ತಿಂಡಿಯಲ್ಲೇ ಹೊಟ್ಟೆ ತುಂಬಿಸದೆ ಸಹರಿಗೂ ಮೊಟ್ಟೆ, ಮೊಸರಿಗೆ ಜಾಗ ಇಡಿ. ಒಂದು ತಿಂಗಳಲ್ಲಿ ಶಕ್ತಿ ಕರಗಿಹೋಗುವುದಿಲ್ಲ.

ಡಬ್ಬ ಮತ್ತು ಸೂಜಿ

ಪ್ರೊಟೀನ್ ಪೌಡರ್ ವಿಷ ಅಲ್ಲ, ಮಾಯೆಯೂ ಅಲ್ಲ. ಅದು ಹಾಲಿನಿಂದ ತೆಗೆದ ಆಹಾರ ಅಷ್ಟೇ. ಊಟದಲ್ಲಿ ಕಡಿಮೆ ಬಿದ್ದರೆ ಉಪಯೋಗಕ್ಕೆ ಬರುತ್ತದೆ. ಅಪಾಯ ಇರುವುದು ಅದರ ಮುಂದಿನ ಮೆಟ್ಟಿಲಲ್ಲಿ. ಪೌಡರ್‌ನಿಂದ ಎರಡು ತಿಂಗಳಲ್ಲಿ ಏನೂ ಕಾಣದಿದ್ದಾಗ ಯಾರೋ ಒಬ್ಬರು ಕಿವಿಯಲ್ಲಿ ಇಂಜೆಕ್ಷನ್ ಮಾತು ಎತ್ತುತ್ತಾರೆ. ಹೊರಗಿನಿಂದ ಸ್ಟಿರಾಯ್ಡ್ ಹಾರ್ಮೋನ್ ಬಂದರೆ ದೇಹ ತನ್ನದೇ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ವೀರ್ಯಾಣು ಕಡಿಮೆಯಾಗುತ್ತದೆ, ಹೃದಯದ ಗೋಡೆ ದಪ್ಪವಾಗಬಹುದು, ರಕ್ತದೊತ್ತಡ ಏರಬಹುದು. ಮದುವೆಗೆಂದು ಮೈ ಮಾಡಹೊರಟವನು ಮದುವೆಯ ನಂತರ ಮಕ್ಕಳಿಲ್ಲವೆಂದು ಡಾಕ್ಟರ್ ಹತ್ತಿರ ಓಡುವ ಸ್ಥಿತಿ ಬರಬಾರದು. ತಾಳ್ಮೆ ಇಲ್ಲದಿರುವುದರ ನಿಜವಾದ ಬೆಲೆ ಇದು.

ನಿಂತಾಗ ಏನು ಮಾಡಬೇಕು?

ಒಂದು ದಿನ ಭಾರ ಏರುವುದು ನಿಲ್ಲುತ್ತದೆ. ಎಲ್ಲರಿಗೂ ನಿಲ್ಲುತ್ತದೆ. ಆಗ ಮೊದಲು ಮೂರು ಪ್ರಶ್ನೆ: ಸರಿಯಾಗಿ ತಿಂದೆನಾ, ಮಲಗಿದೆನಾ, ಸೆಟ್‌ಗಳ ನಡುವೆ ಮೂರು ನಿಮಿಷವಾದರೂ ಕೂತೆನಾ? ಮೂರಕ್ಕೂ ಹೌದು ಎಂದಾದರೆ, ಒಂದೇ ಭಾರದಲ್ಲಿ ಮೂರು ಸಲ ಸೋತ ಮೇಲೆ ಶೇ. 10 ಇಳಿಸಿ, ಪುನಃ ಸಣ್ಣ ಸಣ್ಣದಾಗಿ ಏರಿ. ಇದು ಸೋಲಲ್ಲ.

ಇದನ್ನು ಹುಡುಗನಿಗೆ ಅವನ ಊರಿನ ರಸ್ತೆಯಲ್ಲೇ ಹೇಳಿದೆ. ಸತ್ಯಮಂಗಲದಿಂದ ತಾಳವಾಡಿ ಸೀಮೆಗೆ ಬರಲು ದಿಂಬಂ ಘಾಟ್ ಹತ್ತಬೇಕು.

"ಎಷ್ಟು ತಿರುವು ಉಂಟು ಮಾರಾಯ?"

"ಇಪ್ಪತ್ತೇಳು ಕಣಣ್ಣ."

"ಲೋಡ್ ಲಾರಿ ನೇರ ಹತ್ತುತ್ತಾ?"

"ಎಲ್ಲಾದ್ರೂ ಉಂಟಾ! ತಿರುವ್ನಲ್ಲಿ ಗೇರ್ ಇಳಿಸ್ಲೇಬೇಕು" ಅಂದವನೇ ನಕ್ಕ. ಅರ್ಥ ಆಗಿತ್ತು.

ಮರುದಿನ ಖಾಲಿ ಬಾರ್‌ನಿಂದ ಶುರು ಮಾಡಿದ. ಮೊದಲ ಎರಡು ವಾರ ಅಕ್ಕಪಕ್ಕದವರು ನೋಡ್ತಾರೆ ಎಂದು ಅವನಿಗೆ ಮುಜುಗರ. ಒಂದು ನೋಟ್‌ಬುಕ್ ಇಟ್ಟುಕೊಂಡು ತಾರೀಕು, ಭಾರ, ಎಷ್ಟು ಸಲ ಎಂದು ಬರೆಯಲು ಹೇಳಿದೆ. ಹತ್ತು ತಿಂಗಳ ನಂತರ ಅವನ ತೂಕ 60 ಕೆ.ಜಿ., ಸ್ಕ್ವಾಟ್ 85. ಸೊಂಟ ಒಮ್ಮೆಯೂ ಹಿಡಿಯಲಿಲ್ಲ. ಈ ಅಂಕಿ ನೋಡಿ ಯಾರೂ ಫೋಟೋ ಹಾಕುವುದಿಲ್ಲ. ಆದರೆ ಆ ನೋಟ್‌ಬುಕ್‌ನಲ್ಲಿ ಬಿಟ್ಟುಹೋದ ವಾರ ಒಂದೂ ಇಲ್ಲ.

ನೀವೂ ಶುರು ಮಾಡುವವರಾದರೆ ಒಂದು ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹರ್ನಿಯಾ ಇದ್ದರೆ ಅಥವಾ ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಇಲ್ಲವಾದರೆ ಸರಿಯಾಗಿ ಹೇಳಿಕೊಡುವ ಒಬ್ಬರ ಎದುರು ಖಾಲಿ ಬಾರ್ ಎತ್ತಿ, ನೋಟ್‌ಬುಕ್ ತೆರೆದು ಮೊದಲ ಸಾಲಿನಲ್ಲಿ 20 ಎಂದು ಬರೆಯಿರಿ. ಎರಡನೇ ಸಾಲಿನಲ್ಲಿ ಬರುವುದು 22.5, 40 ಅಲ್ಲ.