ಪರಸ್ಥಳದ ನೀರೂ ನಮ್ಮ ಕೈಯ ಬಾಟಲಿಯೂ

ಹಿಂದೆ ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಹೊರಟರೆ ಬುತ್ತಿಯ ಗಂಟಿನೊಡನೆ ಹಿತ್ತಾಳೆಯ ಕೂಜವೊಂದನ್ನು ತಪ್ಪದೆ ಒಯ್ಯುತ್ತಿದ್ದರು. ತಿರುಪಿನ ಮುಚ್ಚಳ, ಮೇಲೊಂದು ಹಿಡಿ, ಒಳಗೆ ಮನೆಯ ಬಾವಿಯ ನೀರು. ಊರು ಬದಲಾದರೂ ಚಿಂತೆಯಿಲ್ಲ, ನೀರು ಬದಲಾಗಬಾರದು ಎಂಬುದು ಅವರ ಎಣಿಕೆ. ಆ ಕೂಜ ಈಗ ಅಟ್ಟವನ್ನೋ ಗುಜರಿಯ ಅಂಗಡಿಯನ್ನೋ ಸೇರಿದೆ. ಅದರ ಸ್ಥಾನವನ್ನು ಸ್ವಲ್ಪಕಾಲ ಪ್ಲಾಸ್ಟಿಕ್ಕಿನ ಬಾಟಲಿ ಆಕ್ರಮಿಸಿತ್ತು. ಈಗ ಅದನ್ನೂ ಹಿಂದೆ ಸರಿಸಿ ಸ್ಟೇನ್‌ಲೆಸ್ ಸ್ಟೀಲಿನ ಬಾಟಲಿ ಬಂದಿದೆ. ಹೊಟ್ಟೆಪಾಡಿಗಾಗಿ ಪರಸ್ಥಳ ಸೇರಿದ ನಮ್ಮವರಿಗೆ ಇದು ಬರಿಯ ಅಲಂಕಾರದ ವಸ್ತುವಲ್ಲವಾದುದರಿಂದ, ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಕಳೆದ ಬೇಸಗೆಯಲ್ಲಿ ನಾವು ಶ್ರೀಕಾರ್ಯಕ್ಕೆ ಹೋಗಿದ್ದೆವು. ತಿರುವನಂತಪುರದಿಂದ ಕಳಕ್ಕೂಟ್ಟದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಉಳ್ಳೂರನ್ನು ದಾಟಿದರೆ ಈ ಊರು. 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನ ಸಂಸ್ಥೆ ಇಲ್ಲಿಯೇ ಇದೆ. ಇಂಜಿನಿಯರಿಂಗ್ ಕಾಲೇಜು ಸಮೀಪದಲ್ಲಿದೆ. ಮುಂದೆ ಹೋದರೆ ಟೆಕ್ನೋಪಾರ್ಕು. ವಿದ್ಯಾರ್ಥಿಗಳೂ ಗುಮಾಸ್ತರೂ ಗಣಕಯಂತ್ರದ ಉದ್ಯೋಗಿಗಳೂ ಇಷ್ಟೊಂದು ಮಂದಿ ಓಡಾಡುವಲ್ಲಿ ಹೋಟೆಲು ಇಲ್ಲದಿದ್ದೀತೆ? ಹೋಟೆಲು ಇದ್ದಲ್ಲಿ ನಮ್ಮವನೊಬ್ಬ ಇಲ್ಲದಿದ್ದಾನೆಯೆ?

ಕುಂದಾಪುರದ ಕಡೆಯ ಆ ತರುಣ ದೋಸೆಯ ಕಾವಲಿಯ ಮುಂದೆ ನಿಂತು ನಾಲ್ಕು ವರ್ಷಗಳಾದುವಂತೆ. ಅದಕ್ಕೆ ಎರಡು ತಿಂಗಳ ಹಿಂದೆ ಆತನಿಗೆ ಸೊಂಟದ ಹಿಂಭಾಗದಲ್ಲಿ ಅಸಹ್ಯ ನೋವು ಕಾಣಿಸಿಕೊಂಡು, ಮೂತ್ರಪಿಂಡದಲ್ಲಿ ಕಲ್ಲು ಇದೆಯೆಂದು ವೈದ್ಯರು ಹೇಳಿದ್ದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಅವರು ಕೇಳಿದರೆ ಉತ್ತರವೇ ಹೊಳೆಯಲಿಲ್ಲವಂತೆ. “ಬಾಯಾರಿಕೆ ಗೊತ್ತಾಗಬೇಕಾದರೆ ಕಾವಲಿ ಬಿಟ್ಟು ಈಚೆ ಬರಬೇಕಲ್ಲ ಅಣ್ಣಾ! ಬಂದರೆ ದೋಸೆ ಸೀದು ಹೋಗುತ್ತದೆ” ಎಂದು ನಕ್ಕ. ಊರೆಲ್ಲಕ್ಕೂ ಲೋಟ ತುಂಬಿ ನೀರಿಡುವ ಮನೆಯಲ್ಲಿ, ಬೆವರು ಸುರಿಸುವವನ ಗಂಟಲೇ ಒಣಗಿರುವುದು ವಿಪರ್ಯಾಸವಲ್ಲದೆ ಮತ್ತೇನು?

ವೈದ್ಯರ ಮಾತಿನಂತೆ ಆತ ಒಂದು ಬಾಟಲಿಯನ್ನು ಕೊಂಡಿದ್ದ. ಎರಡು ಪದರದ, ಥಳಥಳಿಸುವ ಉಕ್ಕಿನ ಬಾಟಲಿ. ಆದರೆ ಅದನ್ನು ತುಂಬುವ ಕ್ರಮವನ್ನು ಕಂಡು ನಾವು ಬೆಚ್ಚಿದೆವು. ಅಡಿಗೆಮನೆಯ ಕುದಿನೀರನ್ನು ಅರ್ಧದವರೆಗೆ ಹೊಯ್ದು, ಮಿಕ್ಕ ಅರ್ಧಕ್ಕೆ ಕೊಳಾಯಿಯ ನೀರನ್ನು ಹಿಡಿದ! “ಇದರಲ್ಲಿ ಬಿಸಿ ಆರುವುದೇ ಇಲ್ಲ ಅಣ್ಣಾ, ಬಾಯಿಗೆ ಹಾಕಲಿಕ್ಕಾಗುವುದಿಲ್ಲ. ಅದಕ್ಕೆ ಬೆರೆಸಿಕೊಳ್ಳುತ್ತೇನೆ” ಎಂದ.

ಇಲ್ಲಿಯೇ ಇರುವುದು ಅಪಾಯ. ಮಲಯಾಳಿಗಳು ‘ಮಞ್ಞಪಿತ್ತಂ’ ಎಂದು ಕರೆಯುವ ಕಾಮಾಲೆಯು ಕೇರಳದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಿದೆ. 2024ರ ಬೇಸಗೆಯಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರು ಪಂಚಾಯತಿನಲ್ಲಿ ಕುಡಿಯುವ ನೀರಿನಿಂದ ಹರಡಿದ ಹೆಪಟೈಟಿಸ್-ಎ ರೋಗಕ್ಕೆ ಇನ್ನೂರಕ್ಕೂ ಹೆಚ್ಚು ಮಂದಿ ತುತ್ತಾದರು; ಪ್ರಾಣಹಾನಿಯೂ ಆಯಿತು. ಈ ರೋಗದ ಸೂಕ್ಷ್ಮಾಣು ಚೆನ್ನಾಗಿ ಕುದಿದ ನೀರಿನಲ್ಲಿ ಉಳಿಯದು. ನೀರು ಗುಳ್ಳೆಯೆದ್ದು ಉಕ್ಕತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷವಾದರೂ ಕುದಿಯಬೇಕು. ಆದರೆ ಕುದಿಸಿದ ನೀರಿಗೆ ‘ಪಚ್ಚವೆಳ್ಳ’ವನ್ನು, ಅಂದರೆ ಹಸಿ ನೀರನ್ನು ಬೆರೆಸಿದರೆ, ಕುದಿಸಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ಇನ್ನೊಂದು ಭ್ರಮೆಯನ್ನೂ ಇಲ್ಲಿ ನಿವಾರಿಸಬೇಕು. ಕೇರಳದ ಹೋಟೆಲುಗಳಲ್ಲಿ ಪದಿಮುಗದ ಚಕ್ಕೆ ಹಾಕಿದ ನಸುಗೆಂಪು ನೀರನ್ನೋ ಜೀರಿಗೆಯ ನೀರನ್ನೋ ಕೊಡುವ ಒಳ್ಳೆಯ ಪದ್ಧತಿಯಿದೆ. ಆದರೆ ಬಣ್ಣ ಬಂದ ಮಾತ್ರಕ್ಕೆ ನೀರು ಕುದಿದಿದೆಯೆಂದು ತಿಳಿಯಕೂಡದು. ಉಗುರುಬೆಚ್ಚಗಿನ ನೀರಿಗೆ ಚಕ್ಕೆ ಹಾಕಿದರೂ ಕೆಂಪೇರುತ್ತದೆ. ಕುದಿದದ್ದಕ್ಕೆ ಒಲೆಯೇ ಸಾಕ್ಷಿ, ಬಣ್ಣವಲ್ಲ.

ಹಾಗಾದರೆ ಉಪಾಯವೇನು? ಬಹಳ ಸುಲಭ. ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ತೊಳೆದ ಪಾತ್ರೆಯೊಂದರಲ್ಲಿ ನೀರನ್ನು ಕುದಿಸಿ ಮುಚ್ಚಿಟ್ಟರೆ ಬೆಳಗಿನೊಳಗೆ ತಾನಾಗಿಯೇ ಆರಿರುತ್ತದೆ. ಅದನ್ನು ಬಾಟಲಿಗೆ ತುಂಬಿಕೊಳ್ಳಲಿ. ಎರಡು ಪದರಗಳ ನಡುವಣ ಗಾಳಿಯನ್ನು ತೆಗೆದಿರುವುದರಿಂದ ಒಳಗಿನ ಬಿಸಿ ಹೊರಗೂ ಹೊರಗಿನ ಬಿಸಿ ಒಳಗೂ ಸುಲಭವಾಗಿ ಸಾಗದು. ಒಲೆಯ ಬದಿಯಲ್ಲಿ ನಿಂತವನಿಗೆ ನೀರು ಬಿಸಿಯೇರದೆ ಉಳಿಯುವುದೇ ಇದರ ಲಾಭ. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಲೆಕ್ಕ ಬರೆಯುವ ಗುಮಾಸ್ತರಿಗಾದರೋ ಹಗುರವೂ ಅಗ್ಗವೂ ಆದ ಒಂದೇ ಪದರದ ಬಾಟಲಿ ಧಾರಾಳವಾಗಿ ಸಾಕು.

ಇನ್ನು ಕೊಳ್ಳುವ ವಿಚಾರ. ತುಕ್ಕುಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ, ಬಂದೂಕಿನ ನಳಿಗೆಯ ಸವೆತವನ್ನು ತಡೆಯುವ ಲೋಹವನ್ನು ಅರಸುತ್ತಿದ್ದಾಗ ಸಿದ್ಧಪಡಿಸಿದನು. ಬಂದೂಕಿಗೆಂದು ಹುಡುಕಿದ್ದು ಕೊನೆಗೆ ಅಡಿಗೆಮನೆಗೆ ಒದಗಿತು! ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ತೆಳುಪೊರೆಯೊಂದನ್ನು ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಈ ಪೊರೆಯೇ. ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ ಉಕ್ಕಿಗೆ 304 ಎಂದು ಹೆಸರು. ‘18/8’ ಎಂದು ಬರೆದಿದ್ದರೂ ಅದೇ ಜಾತಿ. 201, 202 ಎಂಬ ಅಗ್ಗದ ಜಾತಿಗಳಲ್ಲಿ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅವು ವಿಷವೆಂದಲ್ಲ, ಆದರೆ ಉಪ್ಪಿನ ಅಂಶಕ್ಕೆ ಬೇಗನೆ ಸೋಲುತ್ತವೆ. ಕಡಲತಡಿಯಲ್ಲಿ ಬದುಕುವವರು ಇದನ್ನು ಮರೆಯಬಾರದು.

ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ತಿಳಿಯುವುದೆಂದು ಕೆಲವರು ಹೇಳುತ್ತಾರೆ. ಈ ಪರೀಕ್ಷೆಯನ್ನು ಪೂರ್ಣವಾಗಿ ನಂಬುವಂತಿಲ್ಲ. 201 ಜಾತಿಯೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಡಿದು ಬಗ್ಗಿಸಿದ 304 ಕೆಲವೆಡೆ ಸ್ವಲ್ಪ ಅಂಟೀತು. ಅದಕ್ಕಿಂತ ಮುದ್ರೆಯನ್ನು ನೋಡುವುದು ಮೇಲು. ಕುಡಿಯುವ ನೀರಿನ ಲೋಹದ ಬಾಟಲಿಗಳಿಗೆ ಐಎಸ್ 17803 ಎಂಬ ಭಾರತೀಯ ಮಾನಕವಿದ್ದು, ಅದನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರಕಾರವು 2023ರಲ್ಲಿ ಹೊರಡಿಸಿತು. ಐಎಸ್ಐ ಮುದ್ರೆಯ ಜತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಎಂಬ ಮೊಬೈಲ್ ಸಾಧನದಲ್ಲಿ ಹಾಕಿದರೆ ಅದು ನಿಜವೋ ಹುಸಿಯೋ ಎಂಬುದು ಅಂಗಡಿಯಲ್ಲಿಯೇ ಬಯಲಾಗುತ್ತದೆ.

ಅಂಗಡಿಯವನ ಮುಂದೆ ಸಂಕೋಚಪಡದೆ ಮತ್ತೂ ಮೂರು ಕೆಲಸ ಮಾಡಿರಿ. ಬಾಯೊಳಗೆ ಬ್ರಷ್ಷು ಹೋಗುವಷ್ಟು ಅಗಲವಿದೆಯೆ ಎಂದು ನೋಡಿರಿ. ತೊಳೆಯಲಾಗದ ಬಾಟಲಿ ಎಷ್ಟು ಚೆಲುವಾಗಿದ್ದರೂ ಬೇಡ. ನೀರು ತುಂಬಿ, ಮುಚ್ಚಿ, ತಲೆಕೆಳಗಾಗಿ ಹಿಡಿಯಿರಿ, ತೊಟ್ಟಿಕ್ಕಬಾರದು. ಎರಡು ಪದರದ್ದಾದರೆ ಬಿಸಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಹೊರಮೈಯನ್ನು ಮುಟ್ಟಿ ನೋಡಿರಿ. ಮೈ ಬಿಸಿಯಾದರೆ ಒಳಗಿನ ನಿರ್ವಾತ ಕೆಟ್ಟಿದೆಯೆಂದೇ ಅರ್ಥ.

ತಂದಮೇಲೆ ದಿನವೂ ತೊಳೆಯಬೇಕು. ಮುಚ್ಚಳದೊಳಗಿನ ರಬ್ಬರಿನ ಬಳೆಯನ್ನು ಬಿಚ್ಚಿ ತೊಳೆಯುವವರು ವಿರಳ. ಲೋಳೆಯೂ ದುರ್ವಾಸನೆಯೂ ನೆಲೆಸುವುದು ಅಲ್ಲಿಯೇ. ಬಿಳಿಯ ಕಲೆ ಕಟ್ಟಿದರೆ ಸ್ವಲ್ಪ ವಿನೆಗರ್ ಬೆರೆಸಿದ ನೀರನ್ನು ಅರ್ಧ ಗಂಟೆ ನಿಲ್ಲಿಸಿ ತೊಳೆಯಿರಿ. ಹೋಟೆಲಿನ ನೆಲ ತೊಳೆಯುವ ಬ್ಲೀಚಿಂಗ್ ದ್ರಾವಣವನ್ನು ಇದಕ್ಕೆ ತಾಗಿಸಕೂಡದು. ಕ್ಲೋರಿನ್ ಆ ರಕ್ಷಾಪೊರೆಯನ್ನು ತಿನ್ನುತ್ತದೆ. ಕಬ್ಬಿಣದ ನಾರಿನಿಂದ ಉಜ್ಜುವುದೂ ಸಲ್ಲದು. ಹಾಲು, ಕಾಫಿ, ಮಜ್ಜಿಗೆಗಳನ್ನು ಗಂಟೆಗಟ್ಟಲೆ ಅದರಲ್ಲಿಡಬೇಡಿರಿ. ಎರಡು ಪದರದ ಬಾಟಲಿಯನ್ನು ಒಲೆಯ ಮೇಲೆ ಎಂದಿಗೂ ಇಡಕೂಡದು, ಸಿಡಿಯುವ ಭಯವುಂಟು. ರಾತ್ರಿ ಮುಚ್ಚಳ ತೆಗೆದು ಬೋರಲು ಹಾಕಿದರೆ ಒಳಗೆಲ್ಲ ಒಣಗುತ್ತದೆ.

2024ರಲ್ಲಿ ಕೇರಳದ ಶಾಲೆಗಳಲ್ಲಿ ‘ನೀರಿನ ಗಂಟೆ’ಯನ್ನು ಜಾರಿಗೆ ತಂದರು. ಬೆಳಗ್ಗೆಯೂ ಮಧ್ಯಾಹ್ನವೂ ಗಂಟೆ ಬಾರಿಸಿದೊಡನೆ ಮಕ್ಕಳು ನೀರು ಕುಡಿಯಬೇಕಾಗಿತ್ತು. ಶಾಲೆಯ ಮಕ್ಕಳಿಗೆ ದೊರೆತ ಈ ಅನುಕೂಲವು ನಮ್ಮ ಕಾವಲಿಯ ಹುಡುಗರಿಗೇಕೆ ದೊರೆಯಬಾರದು? ಗಲ್ಲಾದ ಮೇಲೆ ಕುಳಿತ ಯಜಮಾನರಿಗೆ ನಮ್ಮದೊಂದು ಬಿನ್ನಹ. ಕೆಲಸಗಾರರಿಗೆಂದು ರಾತ್ರಿ ಒಂದು ಹಂಡೆ ನೀರನ್ನು ಕುದಿಸಿಡಿಸಿರಿ. ಹೊತ್ತಿಗೆ ಸರಿಯಾಗಿ ಎರಡು ನಿಮಿಷ ಕಾವಲಿಯಿಂದ ಈಚೆ ಬರಗೊಡಿರಿ. ಅದರ ಖರ್ಚು ಒಂದು ದೋಸೆಯಷ್ಟೂ ಆಗದು.

ನಾವು ಹೊರಟಾಗ ಆ ತರುಣ ತನ್ನ ಬಾಟಲಿಯ ನೀರನ್ನು ಚೆಲ್ಲಿ, ಮುಚ್ಚಳದ ಬಳೆಯನ್ನು ಬೆರಳಿನಿಂದ ಬಿಡಿಸುತ್ತಿದ್ದ. “ಇದರೊಳಗೂ ಒಂದು ಇದೆಯೆಂದು ಗೊತ್ತೇ ಇರಲಿಲ್ಲ ಅಣ್ಣಾ” ಎಂದ. ಊರಿನಲ್ಲಿ ಆತನ ತಾಯಿ ಮಗನ ಮನಿಯಾರ್ಡರಿಗಿಂತ ಹೆಚ್ಚಾಗಿ ಆತನ ಆರೋಗ್ಯದ ಸುದ್ದಿಯನ್ನೇ ಕಾಯುತ್ತಿರುತ್ತಾಳೆಂಬುದರಲ್ಲಿ ಸಂದೇಹವಿಲ್ಲ. ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರು ಕಾಯುತ್ತಿದ್ದಾರೆ. ಈ ಹಾಳೆಯನ್ನು ಮಡಿಚಿಡುವ ಮೊದಲು ಒಂದು ಲೋಟ ಕುದಿಸಿ ಆರಿಸಿದ ನೀರನ್ನು ಕುಡಿಯಿರಿ.