ಎಡೆದೊರೆ ನಾಡಿನ ಕಾಳಗದ ಕಣಗಳು

ಜಬ್ಬಲಗುಡ್ಡದ ಕಡೆಯಿಂದ ಕುಮ್ಮಟದುರ್ಗದ ಗುಡ್ಡ ಹತ್ತುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ತಡೆದು ಕೇಳಿದರು: 'ಯಾವೂರ್ರೀ ನಿಮ್ದು? ನಿಧಿ ಹುಡುಕಾಕ ಬಂದೀರೇನ್ರೀ?'

ಅವರು ತಮಾಷೆಗೆ ಕೇಳಿದ್ದಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಈ ಗುಡ್ಡ ಹತ್ತುವ ಹೊರಗಿನವರಲ್ಲಿ ನಿಧಿಗಳ್ಳರೂ ಇರುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡವರು. ಕೋಟೆ ನೋಡಲು ಬಂದೆ, ಕುಮಾರರಾಮನ ಜಾಗ ನೋಡಲು ಬಂದೆ ಎಂದಾಗ ಅವರ ಮುಖ ಬದಲಾಯಿತು. ಕೈಯಲ್ಲಿದ್ದ ಕೋಲಿನಿಂದಲೇ ದಾರಿ ತೋರಿಸಿದರು. ಬಂಡೆಗಳ ನಡುವೆ ಬಿದ್ದ ಗೋಡೆ, ಗೋಡೆಯ ಮೇಲೆ ಬಳ್ಳಾರಿ ಜಾಲಿ, ಜಾಲಿಯ ಬುಡದಲ್ಲಿ ಯಾರೋ ಅಗೆದು ಹಾಗೇ ಬಿಟ್ಟುಹೋದ ಗುಂಡಿ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆಯನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ಹೊಳೆಯ ನಡುವಿನ ನೆಲಕ್ಕೆ ಎರಡೂ ದಡದ ದೊರೆಗಳು ಬಡಿದಾಡಿದರು. ವಿಜಯನಗರದವರೂ ಬಹಮನಿಗಳೂ ಇದಕ್ಕಾಗಿಯೇ ತಲೆಮಾರುಗಟ್ಟಲೆ ರಕ್ತ ಹರಿಸಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಕೋಟೆಯಿಲ್ಲದ ದಿಕ್ಕಿಲ್ಲ, ವೀರಗಲ್ಲಿಲ್ಲದ ಹಳೆಯ ಊರು ಸಿಗುವುದು ಕಷ್ಟ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯನ್ನು ಭತ್ತದ ಕಣಜವೆಂದೋ, ಅಂಜನಾದ್ರಿಯ ಜಿಲ್ಲೆಯೆಂದೋ ಹೊರಗಿನವರು ಬಲ್ಲರು. ಕಾಳಗದ ಕಣಗಳ ಜಿಲ್ಲೆಯೆಂದು ಬಲ್ಲವರು ಕಡಿಮೆ.

ಕುಮ್ಮಟದಿಂದಲೇ ಶುರು ಮಾಡೋಣ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಬಂಧುವೇ ಆದ ಬಹಾವುದ್ದೀನ್ ಗುರ್ಶಾಸ್ಪ್ ಸಗರದಲ್ಲಿ ದಂಗೆಯೆದ್ದು, ಸೋತು, ಕಂಪಿಲಿಯ ಅರಸ ಕಂಪಿಲನ ಆಶ್ರಯಕ್ಕೆ ಬಂದ. ಬೆನ್ನಟ್ಟಿ ಬಂದ ಸೈನ್ಯಕ್ಕೆ ಅವನನ್ನು ಒಪ್ಪಿಸಿದ್ದರೆ ಕಂಪಿಲನ ರಾಜ್ಯ ಉಳಿಯುತ್ತಿತ್ತೋ ಏನೋ. ಅವನು ಒಪ್ಪಿಸಲಿಲ್ಲ. 1327ರ ಹೊತ್ತಿಗೆ ಅವನ ಕೋಟೆಯಾದ ಕುಮ್ಮಟ ಬಿತ್ತು. ಗುರ್ಶಾಸ್ಪನನ್ನು ಹೊಯ್ಸಳ ಬಲ್ಲಾಳನ ಕಡೆಗೆ ಕಳಿಸಿಕೊಟ್ಟು ಕಂಪಿಲ ಕಾದಾಡಿ ಸತ್ತ. ಅಂತಃಪುರದ ಹೆಂಗಸರು ಬೆಂಕಿಗೆ ಹಾರಿದರು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಕಥೆಯನ್ನು ಕೇಳಿ ಬರೆದಿಟ್ಟಿದ್ದಾನೆ. ಮೊರೆ ಹೊಕ್ಕವನನ್ನು ಬಿಟ್ಟುಕೊಡದ ದೊರೆಯ ಬಗ್ಗೆ ಅವನ ಬರಹದಲ್ಲಿ ಗೌರವವಿದೆ. ಕನ್ನಡದವರು ನೆನಪಿಟ್ಟುಕೊಂಡದ್ದು ಮಗನನ್ನು. ಗಂಡುಗಲಿ ಕುಮಾರರಾಮನ ಮೇಲೆ ಸಾಂಗತ್ಯಗಳು ಹುಟ್ಟಿದವು, ಜನಪದರು ಹಾಡು ಕಟ್ಟಿದರು, ಮಲೆನಾಡಿನ ಊರುಗಳಲ್ಲಿ ಅವನ ಮರದ ತಲೆಗೆ ಇಂದಿಗೂ ಪೂಜೆಯುಂಟು. ಈ ಸೋಲಿನ ಬೂದಿಯಿಂದಲೇ ಹತ್ತು ವರ್ಷದೊಳಗೆ, ಇಲ್ಲಿಂದ ಕಣ್ಣಳತೆಯ ದೂರದಲ್ಲಿ ವಿಜಯನಗರ ಎದ್ದಿತು.

ಹಂಪಿ ವಿಶ್ವ ಪರಂಪರೆಯ ತಾಣ. ಅದಕ್ಕೆ ದಾರಿ ಮಾಡಿಕೊಟ್ಟ ಕುಮ್ಮಟದುರ್ಗಕ್ಕೆ ಹೋಗಲು ಕುರಿ ಕಾಯುವವರನ್ನು ದಾರಿ ಕೇಳಬೇಕು. ಈ ಅಂತರ ನನ್ನನ್ನು ಬಹಳ ಕಾಲದಿಂದ ನೋಯಿಸುತ್ತಿದೆ.

ಕೊಪ್ಪಳ ಕೋಟೆಗೆ ಆ ಕಷ್ಟವಿಲ್ಲ. ಊರ ಪಕ್ಕದಲ್ಲೇ, ಬಯಲಿನಿಂದ ಸುಮಾರು 400 ಅಡಿ ಎತ್ತರಕ್ಕೆ, ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿದೆ. ಪಾಳೆಯಗಾರನಿಂದ ಇದನ್ನು 1786ರಲ್ಲಿ ವಶಪಡಿಸಿಕೊಂಡ ಟಿಪ್ಪು ಸುಲ್ತಾನ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಕಟ್ಟಿಸಿ ಗಟ್ಟಿಮಾಡಿದ. ನಾಲ್ಕೇ ವರ್ಷದಲ್ಲಿ ಅದಕ್ಕೆ ಪರೀಕ್ಷೆ ಬಂತು. ನಿಜಾಮ ಮತ್ತು ಇಂಗ್ಲಿಷರ ಕೂಡುಪಡೆ 1790ರ ಮಳೆಗಾಲ ಮುಗಿದ ಮೇಲೆ ಮುತ್ತಿಗೆ ಹಾಕಿತು. ಸುಮಾರು ಆರು ತಿಂಗಳು ತೋಪು ಹೊಡೆದರೂ ಬಂಡೆ ಜಗ್ಗಲಿಲ್ಲ. ಆ ಪಡೆಯ ಜೊತೆಗಿದ್ದ ಜಾನ್ ಮಾಲ್ಕಂ, ತಾನು ಇಂಡಿಯಾದಲ್ಲಿ ಕಂಡ ಅತ್ಯಂತ ಭದ್ರವಾದ ಜಾಗ ಇದೇ ಎಂದು ಬರೆದ. ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿದ್ದ ಮೇಲಷ್ಟೇ, 1791ರ ಏಪ್ರಿಲಿನಲ್ಲಿ ಕೊಪ್ಪಳ ಕೈಸೋತಿತು.

ಹತ್ತಿರದ ಬಹದ್ದೂರಬಂಡಿ ಕೋಟೆಗೂ ಇದೇ ಚರಿತ್ರೆ. 1787ರ ಜನವರಿಯಲ್ಲಿ ಟಿಪ್ಪು ಅದನ್ನು ಮರಾಠರ ಕೂಟದಿಂದ ಕಿತ್ತುಕೊಂಡ. ಮೂರು ತಿಂಗಳಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಯಲಬುರ್ಗಾ, ಕುಷ್ಟಗಿಯವರಿಗೆ ಗಜೇಂದ್ರಗಡ ನೆರೆಯ ಸಂತೆಯ ಊರು. ದೊಡ್ಡ ಚರಿತ್ರೆಯ ಒಂದು ಒಪ್ಪಂದಕ್ಕೆ ಆ ಊರಿನ ಹೆಸರಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಕೊಪ್ಪಳ ಕೋಟೆಯ ಕೊನೆಯ ದೊಡ್ಡ ಕಾಳಗ 1858ರದು. ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆ ಕೆಂಚನಗೌಡ ಇಂಗ್ಲಿಷರ ವಿರುದ್ಧ ಎದ್ದು, ಮೇ ತಿಂಗಳ ಕೊನೆಯಲ್ಲಿ ಈ ಕೋಟೆ ಹಿಡಿದರು. ಅದೇ ವಾರ ನರಗುಂದದ ಬಾಬಾಸಾಹೇಬನೂ ಬಂಡೆದ್ದಿದ್ದ. ಕೊಪ್ಪಳದಲ್ಲಿ ಜೂನ್ 1ರಂದು ಮೇಜರ್ ಹ್ಯೂಸ್‌ನ ಪಡೆ ಮೇಲೇರಿ ಬಂತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಬಿದ್ದರು. ಸೆರೆಸಿಕ್ಕ ಹಲವರಿಗೆ ಮರಣದಂಡನೆಯಾಯಿತು. ಅವರು ಕಾದಾಡಿದ ಬಂಡೆಗಳು ಇವತ್ತೂ ಹಾಗೇ ಇವೆ. ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಪ್ರೇಮಿಗಳ ಹೆಸರು, ಕೋಚಿಂಗ್ ಕ್ಲಾಸಿನ ಜಾಹೀರಾತು, ಸಂದುಗಳಲ್ಲಿ ಒಡೆದ ಬಾಟಲಿ.

ಎಲ್ಲ ಕಣಗಳೂ ಇಷ್ಟು ಸ್ಪಷ್ಟವಲ್ಲ. 1054ರಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಎದುರು ಕಾದಾಡುತ್ತ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ತಮ್ಮ ರಾಜೇಂದ್ರ ರಣರಂಗದಲ್ಲೇ ಪಟ್ಟ ಕಟ್ಟಿಕೊಂಡ. ತಮಿಳು ಶಾಸನಗಳು ಆ ಜಾಗವನ್ನು ಕೊಪ್ಪಂ ಎನ್ನುತ್ತವೆ. ಅದು ನಮ್ಮ ಕೊಪ್ಪಳ ಎನ್ನುವ ವಿದ್ವಾಂಸರಿದ್ದಾರೆ, ಕೃಷ್ಣೆಯ ದಡದ ಖಿದ್ರಾಪುರ ಎನ್ನುವವರೂ ಇದ್ದಾರೆ. ಯಲಬುರ್ಗಾ ಅಂದಿನ ಎರಂಬರಗೆ, ಸಿಂದರ ರಾಜಧಾನಿ. ಅಲ್ಲಿಯ ಅರಸ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಾಂಡಲಿಕನಾಗಿದ್ದ ಇಮ್ಮಡಿ ಆಚುಗಿ, ಹೊಯ್ಸಳ ವಿಷ್ಣುವರ್ಧನನ ದಂಡನ್ನು ಹಿಂದಕ್ಕಟ್ಟಿದವನು. ಅದೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನೇ 1112ರಲ್ಲಿ ಇಟಗಿಯ ಗುಡಿ ಕಟ್ಟಿಸಿದ್ದು. ಗುಡಿ ನೋಡಲು ಬರುವವರು ಶಿಲ್ಪ ನೋಡಿ ಹೋಗುತ್ತಾರೆ. ಕಟ್ಟಿಸಿದವನ ಕೈಯಲ್ಲಿ ಕತ್ತಿಯಿತ್ತು ಎಂಬುದು ನೆನಪಾಗುವುದಿಲ್ಲ.

ದೊರೆಗಳ ಮಾತು ಸಾಕು. ಈ ಸೀಮೆಯ ನಿಜವಾದ ಯುದ್ಧಸ್ಮಾರಕ ವೀರಗಲ್ಲು. ಊರ ಅಗಸಿಯಲ್ಲಿ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಿಗೂ ಕಲ್ಲು ನಿಲ್ಲಿಸಿದ್ದಾರೆ. ಸಾಮಾನ್ಯನ ಸಾವನ್ನು ಹೀಗೆ ಕಲ್ಲಿನಲ್ಲಿ ಬರೆದಿಟ್ಟ ನಾಡು ನಮ್ಮದು. ಅಂಥ ಕಲ್ಲು ಇವತ್ತು ಬಚ್ಚಲ ಹಾಸುಗಲ್ಲಾದದ್ದನ್ನು ನೋಡಿದ್ದೇನೆ. ದೇವರೆಂದು ಎಣ್ಣೆ ಬಳಿದು, ಮೇಲೆ ಆಯಿಲ್ ಪೇಂಟ್ ಹೊಡೆದು, ಅಕ್ಷರವೇ ಕಾಣದಂತೆ ಮಾಡಿದ್ದನ್ನೂ ನೋಡಿದ್ದೇನೆ. ಎರಡನೆಯದರಲ್ಲಿ ಭಕ್ತಿಯಿದೆ, ಆದರೂ ಅಕ್ಷರ ಹೋದಂತೆಯೇ.

ಹೊರದೇಶಗಳಲ್ಲಿ ರಣರಂಗವೇ ಒಂದು ಸ್ಮಾರಕ. ಇಂಗ್ಲೆಂಡ್ 1995ರಲ್ಲೇ ತನ್ನ ಐತಿಹಾಸಿಕ ಯುದ್ಧಭೂಮಿಗಳ ಪಟ್ಟಿ ಮಾಡಿತು. ಅಮೆರಿಕದಲ್ಲಿ ಅಂತರ್ಯುದ್ಧದ ಬಯಲುಗಳನ್ನು ದೇಣಿಗೆ ಎತ್ತಿ ಕೊಂಡು ಉಳಿಸುವ ಸಂಸ್ಥೆಯೇ ಇದೆ. 1996ರಿಂದ ಪ್ರತಿವರ್ಷ ವಸಂತದಲ್ಲಿ ಒಂದು ದಿನ ಸಾವಿರಾರು ಸ್ವಯಂಸೇವಕರು ಸೇರಿ ಆ ಬಯಲುಗಳ ಕಸ ತೆಗೆಯುತ್ತಾರೆ, ಬೇಲಿಗೆ ಬಣ್ಣ ಹಚ್ಚುತ್ತಾರೆ, ದಾರಿ ಸರಿಮಾಡುತ್ತಾರೆ. ನಮ್ಮ ಕಾನೂನಿನಲ್ಲಿ ಸ್ಮಾರಕ ಉಂಟು, ಪುರಾತತ್ವ ನಿವೇಶನ ಉಂಟು. ರಣರಂಗ ಎಂಬ ಬೇರೆ ವರ್ಗವಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ. ಆದರೆ ಸೈನ್ಯ ಬೀಡುಬಿಟ್ಟ ಬಯಲು, ತೋಪು ಹೂಡಿದ ದಿಬ್ಬ, ನೀರು ಕುಡಿದ ಹಳ್ಳ 300 ಮೀಟರಿನೊಳಗೆ ಇರುವುದಿಲ್ಲ. ಕುಷ್ಟಗಿ, ಇಳಕಲ್ ಕಡೆಯ ಕೆಂಪು ಗ್ರಾನೈಟಿಗೆ ದೇಶವಿದೇಶದಲ್ಲಿ ಬೆಲೆಯಿದೆ. ಕಲ್ಲೇ ಕೋಟೆ, ಕಲ್ಲೇ ಚರಿತ್ರೆ ಆಗಿರುವ ಸೀಮೆಯಲ್ಲಿ ಕ್ವಾರಿಯ ಡೈನಮೈಟು ಎಲ್ಲಿ ನಿಲ್ಲಬೇಕೆಂದು ಯಾರಾದರೂ ಗೆರೆ ಎಳೆಯಲೇಬೇಕು. ಕಣ ಎಂದರೆ ನಮ್ಮ ರೈತನಿಗೆ ರಾಶಿ ಮಾಡುವ ಜಾಗ. ಅದನ್ನು ಸಾರಿಸಿ ಹಸನು ಮಾಡದೆ ಅವನು ತೆನೆ ಹಾಕುವುದಿಲ್ಲ. ಕಾಳಗದ ಕಣಕ್ಕೂ ಆ ಮರ್ಯಾದೆ ಸಿಗಲಿ ಎಂಬುದು ನನ್ನ ಆಸೆ.

ಇಲ್ಲಿ ಸ್ವಂತ ಇಚ್ಛೆಯಿಂದ ದುಡಿಯುವವರಿಲ್ಲ ಎಂದು ಯಾರೂ ಹೇಳಬಾರದು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ 1997ರಿಂದ ಹಳೆಯ ಮನೆಗಳನ್ನು ಉಳಿಸುತ್ತ, ಊರ ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸುತ್ತ ಬಂದಿದೆ. ಪರಂಪರೆಯ ಜೊತೆಗೆ ಊರವರ ಹೊಟ್ಟೆಪಾಡನ್ನೂ ಕಟ್ಟಿದ್ದರಿಂದಲೇ ಆ ಕೆಲಸ ಇಷ್ಟು ವರ್ಷ ನಿಂತಿದೆ ಎಂದು ನನ್ನ ನಂಬಿಕೆ. ಹೇಮಗುಡ್ಡದ ಕೋಟೆಯಲ್ಲಿ ದುರ್ಗಾದೇವಿಯ ದಸರಾ ವರ್ಷಾವರ್ಷ ನಡೆಯುತ್ತದೆ. ಜನ ಬರುತ್ತಾರೆಂಬ ಕಾರಣಕ್ಕೇ ದಾರಿ ಹಸನಾಗುತ್ತದೆ, ಮುಳ್ಳು ಕಡಿಯುತ್ತಾರೆ. ಕಾಲೇಜುಗಳ ಎನ್ನೆಸ್ಸೆಸ್ ಮಕ್ಕಳು ವರ್ಷಕ್ಕೊಮ್ಮೆ ಏಳು ದಿನ ಹಳ್ಳಿಯಲ್ಲಿದ್ದು ಶ್ರಮದಾನ ಮಾಡುತ್ತಾರೆ. ಇನ್ನು ಹಿರೇಹಳ್ಳ: 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕಿಳಿದಾಗ ಊರೂರಿನ ಜನ ಬುಟ್ಟಿ, ಸಲಿಕೆ ಹಿಡಿದು ಬಂದರು, 20ಕ್ಕೂ ಹೆಚ್ಚು ಕಿಲೋಮೀಟರ್ ಹಳ್ಳ ಸ್ವಚ್ಛವಾಯಿತು. ಕರೆ ಕೊಟ್ಟರೆ ಕೊಪ್ಪಳ ಬರುತ್ತದೆ.

ಬಂದವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಗೊತ್ತಿರಬೇಕು. ಕೋಟೆ ಗೋಡೆಯ ದೊಡ್ಡ ಶತ್ರು ಹಕ್ಕಿ ಹಿಕ್ಕೆಯಿಂದ ಸಂದಿನಲ್ಲಿ ಹುಟ್ಟುವ ಆಲ, ಅರಳಿ. ಎಳೆಯದಿದ್ದಾಗ ಚಿವುಟಿದರೆ ಮುಗಿಯಿತು. ಬಲಿತ ಮೇಲೆ ಹಗ್ಗ ಕಟ್ಟಿ ಎಳೆದರೆ ಬೇರಿನ ಜೊತೆ ಗೋಡೆಯೂ ಬರುತ್ತದೆ; ಬುಡ ಕತ್ತರಿಸಿ, ಮುಂದಿನ ಕೆಲಸ ತಿಳಿದವರಿಗೆ ಬಿಡಬೇಕು. ಬಿರುಕಿಗೆ ಸಿಮೆಂಟ್ ತುಂಬುವ ಉಪಕಾರ ಬೇಡ. ಹಳೆಯ ಗೋಡೆ ಸುಣ್ಣದ ಗಾರೆಯದು, ಅದು ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಒಳಗೇ ಹಿಡಿದಿಟ್ಟು ಕಲ್ಲನ್ನು ಕೊಳೆಸುತ್ತದೆ. ಬಿದ್ದ ಕಲ್ಲನ್ನು ಎತ್ತಿ ಅಂದವಾಗಿ ಜೋಡಿಸುವುದೂ ಬೇಡ, ಎಲ್ಲಿ ಬಿದ್ದಿದೆಯೋ ಅದೇ ಸಾಕ್ಷಿ. ವೀರಗಲ್ಲನ್ನು ತೊಳೆಯಲು ನೀರು, ಮೆತ್ತನೆಯ ಬ್ರಷ್ ಸಾಕು. ಆಸಿಡ್, ಉಕ್ಕಿನ ಬ್ರಷ್ ಮುಟ್ಟಬಾರದು. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಕಸ, ಪ್ಲಾಸ್ಟಿಕ್ ಹೆಕ್ಕುವುದರಾಚೆಗೆ ಏನನ್ನೂ ಮಾಡಬಾರದು. ಹೊಸ ಗುಂಡಿ ಕಂಡರೆ ಫೋಟೊ ತೆಗೆದು ಅವತ್ತೇ ಪೊಲೀಸರಿಗೂ ತಹಶೀಲ್ದಾರರಿಗೂ ತಿಳಿಸಬೇಕು. ಗುಡ್ಡಕ್ಕೆ ಜನ ಹೋಗಿಬರುತ್ತಿದ್ದರೆ ನಿಧಿಗಳ್ಳರು ಬರುವುದು ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೇ ಒಮ್ಮೆ ಮಾಡಿ ಫೋಟೊ ಹಾಕಿಕೊಂಡು ಮರೆಯುವ ಸ್ವಚ್ಛತೆಗಿಂತ, ಸಣ್ಣದಾದರೂ ವರ್ಷಾವರ್ಷ ತಪ್ಪದೆ ನಡೆಯುವ ಕೆಲಸ ಮೇಲು.

ಗವಿಮಠದ ಜಾತ್ರೆಗೆ ಮೊದಲು ಜಾಗೃತಿ ನಡಿಗೆ ನಡೆಯುವ ರೂಢಿ ಬೆಳೆದಿದೆ. ನೀರು, ನೇತ್ರದಾನ, ಗಿಡ ಹೀಗೆ ಒಂದೊಂದು ವರ್ಷ ಒಂದೊಂದು ವಿಷಯಕ್ಕೆ ಸಾವಿರಾರು ಮಕ್ಕಳು ಬೀದಿಗಿಳಿಯುತ್ತಾರೆ. ಒಂದು ವರ್ಷ ಅದು ಈ ಕೋಟೆ, ಕಣ, ವೀರಗಲ್ಲುಗಳಿಗಾಗಿ ನಡೆಯಲಿ ಎಂದು ಶ್ರೀಮಠವನ್ನು ಬೇಡಿಕೊಳ್ಳುತ್ತೇನೆ. ಜಿಲ್ಲೆಯ ವೀರಗಲ್ಲುಗಳನ್ನು ಊರು, ಜಾಗ, ಚಿತ್ರಸಹಿತ ದಾಖಲಿಸುವ ಕೆಲಸವನ್ನು ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು. ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂಡರಗಿ ಶಿಬಿರ ಕಟ್ಟಿ ಕಾದಾಡಿದ್ದು ಮೊನ್ನೆಮೊನ್ನೆ, 1947-48ರಲ್ಲಿ. ಆ ಕಾಲದ ಗಡಿಹಳ್ಳಿಗಳ ಜಾಗಗಳನ್ನು ಗುರುತಿಸಿ ಹೇಳಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು. ಅವರ ಬಾಯಿಂದ ಕೇಳಿ ಬರೆದುಕೊಳ್ಳುವುದನ್ನು ನಾಳೆಗೆ ಇಡುವಂತಿಲ್ಲ.

ಭೀಮರಾಯ ಬಿದ್ದ ದಿನ ಜೂನ್ 1. ಮುಂಗಾರು ಇನ್ನೇನು ಬರುವ ಹೊತ್ತು. ಗೋಡೆಯ ಸಂದಿನ ಅರಳಿ ಇನ್ನೂ ಕೈಗೆ ಬರುವಷ್ಟು ಚಿಕ್ಕದಿರುತ್ತದೆ; ಇಲಾಖೆಯ ಒಪ್ಪಿಗೆಯಿದ್ದರೆ ಅದನ್ನೂ ಚಿವುಟಬಹುದು. ಬರುವ ಜೂನ್ 1ರಂದು ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮೊದಲು, ಮನೆಯ ಮಕ್ಕಳನ್ನು ಕರೆದುಕೊಂಡು ಕೊಪ್ಪಳ ಕೋಟೆ ಹತ್ತಿ. ಕುಡಿಯಲು ನೀರು, ಕಸ ತುಂಬಲು ಒಂದು ಖಾಲಿ ಚೀಲ ಜೊತೆಗಿರಲಿ.