ಬಂದೂಕಿನ ಒಡಲಲ್ಲಿ ಮೂರು ಮಿಲಿಮೀಟರ್

ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು ಹೊಸತಲ್ಲ. ನಳಿಗೆಗೆ ಮದ್ದು ಸುರಿದು, ಗುಂಡಿಟ್ಟು, ಉದ್ದನೆಯ ಕೋಲಿನಿಂದ ಜಡಿಯುವ ಪದ್ಧತಿ ಅದು. ಕೇಪು ಬರುವುದಕ್ಕೂ ಮುಂಚೆ, ಚಕಮಕಿ ಕಲ್ಲಿನ ಕಾಲದಲ್ಲಿ, ಇದೇ ಜಾತಿಯ ರೈಫಲ್ಲನ್ನು ಒಂದು ಕಲೆಯಾಗಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕುಶಲಕರ್ಮಿಗಳು. 18ನೇ ಶತಮಾನದ ಈ ರೈಫಲ್ಲುಗಳ ಎಂಟು ಪಟ್ಟಿಯ ಕಬ್ಬಿಣದ ನಳಿಗೆ ಒಂದು ಮೀಟರಿಗೂ ಉದ್ದ. ಅದರಡಿಯಲ್ಲಿ ಮೂತಿಯವರೆಗೂ ಚಾಚಿದ ಮೇಪಲ್ ಮರದ ತೆಳು ಒಡಲು.

ಈ ಕಬ್ಬಿಣವನ್ನು ಆ ಮರಕ್ಕೆ ಹಿಡಿಸುವುದು ಹೇಗೆ? ಬಂದೂಕು ಕಟ್ಟುವವನ ಅಳತೆಯ ಪರೀಕ್ಷೆ ನಡೆಯುವುದು ಇಲ್ಲಿಯೇ.

ಗುರುತು ಹಾಕುವ ಕೆಲಸ ಆರಂಭವಾಗುವುದು ನಳಿಗೆಯ ಹಿಂತುದಿಯಿಂದ. ಮೊದಲು ಕಿಡಿ ಒಳಹೋಗುವ ರಂಧ್ರದ ಜಾಗ ಗೊತ್ತಾಗಬೇಕು. ಅದಕ್ಕೆ ಸರಿಯಾಗಿ ಚಕಮಕಿ ಯಂತ್ರ ಕೂರಬೇಕು, ಯಂತ್ರಕ್ಕೆ ಸರಿಯಾಗಿ ಕುದುರೆ. ಆಮೇಲೆ ಜಡಿಯುವ ಕೋಲನ್ನು ಹಿಡಿದಿಡುವ ಲೋಹದ ಕೊಳವೆಗಳು. ಕೊನೆಗೆ, ಆ ಕೊಳವೆಗಳ ನಡುವಣ ಜಾಗ ನೋಡಿಕೊಂಡು, ನಳಿಗೆಯ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಪುಟ್ಟ ಕಬ್ಬಿಣದ ಕಿವಿಗಳು. ಅವುಗಳನ್ನು ಕೂರಿಸಲು ನಳಿಗೆಯಲ್ಲಿ ತೋಡುವ ಗಾಯ ಬಹಳ ತೆಳುವಾಗಿರಬೇಕು. ಒಳಗೆ ಮದ್ದು ಸಿಡಿಯುವ ಕೊಳವೆ ಅದು; ಗೋಡೆ ತೆಳುವಾದರೆ ಆಪತ್ತು ಹೊಡೆಯುವವನಿಗೇ.

ನಳಿಗೆಯನ್ನು ಮರದೊಳಗೆ ಕೂರಿಸಿದ ಮೇಲೆ ಕಿವಿಗಳು ಕಣ್ಣಿಗೆ ಕಾಣುವುದಿಲ್ಲ. ನಳಿಗೆಯ ತಳಕ್ಕೂ ಕೋಲು ಕೂರುವ ತೋಡಿಗೂ ನಡುವೆ ಉಳಿಯುವ ಮರ ಸುಮಾರು ಮೂರು ಮಿಲಿಮೀಟರ್. ಪಿನ್ನು ಅಡ್ಡಲಾಗಿ ಹಾಯಬೇಕಾದದ್ದು ಅಷ್ಟರೊಳಗೇ. ಬೈರಿಗೆ ತುಸು ಮೇಲೇರಿದರೆ ಕಬ್ಬಿಣಕ್ಕೆ ತಾಗುತ್ತದೆ, ಕೆಳಗಿಳಿದರೆ ಕೋಲಿನ ದಾರಿಗೆ ಬೀಳುತ್ತದೆ. ಆದ್ದರಿಂದ ಕಿವಿಯ ಜಾಗವನ್ನೂ ಆಳವನ್ನೂ ಮೊದಲೇ ಅಳೆದು, ಮೂಲೆಮಟ್ಟದಿಂದ ಮರದ ಹೊರಮೈಗೆ ಗೆರೆ ಎಳೆದುಕೊಳ್ಳುತ್ತಾರೆ. ತಪ್ಪಿದ ತೂತನ್ನು ಮುಚ್ಚಬಹುದೇನೋ ನಿಜ. ಆದರೆ ಅಲೆ ಅಲೆಯಾದ ಮೇಪಲ್ ಮೈಮೇಲೆ ತೇಪೆ ಅಡಗುವುದಿಲ್ಲ.

ತೂತು ಸರಿಯಾಗಿ ಬಿದ್ದರೂ ಕೆಲಸ ಮುಗಿಯದು. ಕಿವಿಯಲ್ಲಿನ ತೂತನ್ನು ಅರದಿಂದ ಉಜ್ಜಿ ಉದ್ದುದ್ದಕ್ಕೆ ಸೀಳಿನಂತೆ ಹಿಗ್ಗಿಸಬೇಕು. ಮರ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಕಬ್ಬಿಣಕ್ಕೆ ಆ ಗೊಡವೆ ಇಲ್ಲ. ಮರದ ಉದ್ದದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪವಾದರೂ ಮೀಟರುದ್ದದ ಒಡಲಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಪಿನ್ನಿಗೆ ಸರಿದಾಡಲು ಜಾಗವಿಲ್ಲದಿದ್ದರೆ ತೆಳು ಮರ ಸೀಳಬಹುದು, ಇಲ್ಲವೇ ನಳಿಗೆಯನ್ನು ಎಳೆದು ಗುರಿ ಕೆಡಿಸಬಹುದು.

ಪಿನ್ನಿಗೆ ಇನ್ನೊಂದು ತೊಡಕೂ ಇತ್ತು. ನಳಿಗೆ ಬಿಚ್ಚಬೇಕಾದಾಗಲೆಲ್ಲ ಅದನ್ನು ಬಡಿದು ಹೊರತೆಗೆಯಬೇಕು, ತೂತು ಸವೆಯುತ್ತದೆ. 19ನೇ ಶತಮಾನದಲ್ಲಿ ಸೇಂಟ್ ಲೂಯಿಸ್‌ನ ಹಾಕೆನ್ ಸೋದರರ ರೈಫಲ್ಲುಗಳಲ್ಲಿ ಪಿನ್ನಿನ ಬದಲು ಚಪ್ಪಟೆ ಬೆಣೆ ಕಾಣುತ್ತದೆ. ಅವುಗಳ ಮರವೂ ಅರ್ಧಕ್ಕೇ ನಿಲ್ಲುತ್ತದೆ. ಬೆಣೆ ಸರಿಸಿದರೆ ನಳಿಗೆ ಕೈಗೆ ಬರುತ್ತದೆ. ಮದ್ದಿನ ಮಸಿ ತೊಳೆದು, ಒಣಗಿಸಿ, ಮತ್ತೆ ಕೂರಿಸಿದರಾಯಿತು.